ಬ್ಯಾನರಿನ ಮೇಲಿನ ಹೆಸರು

ಮುಳಬಾಗಿಲು
18 ಫೆಬ್ರವರಿ 2025

ಪ್ರೀತಿಯ ಸುನಂದಕ್ಕನಿಗೆ,

ನಿನ್ನ ತಮ್ಮ ಸುಬ್ರಮಣಿಯ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ಚಳಿ ಇಳಿದ ಮೇಲೆ ಅಪ್ಪನ ಮಂಡಿನೋವು ಕಡಿಮೆಯಾಗಿದೆ. ದೀಪಾವಳಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಅಂಗಡಿಯಲ್ಲಿ ಪ್ರಿಂಟಿಂಗ್ ಕೆಲಸ ಹೆಚ್ಚಿತ್ತು ಎನ್ನುವುದು ಅರ್ಧ ನಿಜ. ನಾನೊಂದು ತಪ್ಪು ಮಾಡಿದ್ದೆ. ಅದನ್ನು ಸರಿಮಾಡಿದ ಮೇಲೆ ಬರೆಯೋಣ ಎಂದುಕೊಂಡು ಸುಮ್ಮನಿದ್ದೆ.

ಹುತ್ತೂರಿನಲ್ಲಿ ನಮ್ಮ ಎದುರು ಮನೆಯ ಚಿಕ್ಕವೆಂಕಟಮ್ಮ ದೊಡ್ಡಮ್ಮ ನಿನಗೆ ನೆನಪಿರಲೇಬೇಕು. ಅವರಿಗೀಗ ಅರವತ್ತೆಂಟು. ಇವತ್ತಿಗೂ ರೇಷ್ಮೆಹುಳು ಸಾಕುತ್ತಾರೆ, ಕನ್ನಡ ತೆಲುಗು ಎರಡರಲ್ಲೂ ಪದ ಹಾಡುತ್ತಾರೆ. ಅವರ ಮೊಮ್ಮಗಳು ಅರ್ಪಿತ ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದ ಹಾಡು ಜನಕ್ಕೆ ಹಿಡಿಸಿಬಿಟ್ಟಿತು. ಎರಡು ವರ್ಷದಿಂದ ಸುತ್ತಮುತ್ತಲಿನವರೆಲ್ಲ ಕಾರ್ಯಕ್ರಮಕ್ಕೆ ಕರೆಯುತ್ತಿದ್ದಾರೆ.

ನವೆಂಬರಿನಲ್ಲಿ ವೇಮಗಲ್‌ನ ಸಂಘದವರು ರಾಜ್ಯೋತ್ಸವಕ್ಕೆ ಹಾಡಲು ದೊಡ್ಡಮ್ಮನನ್ನು ಕರೆದಿದ್ದರು. ಬ್ಯಾನರಿನ ಕೆಲಸ ನನ್ನ ಅಂಗಡಿಗೇ ಬಂತು. ಸಂಘದವರು ವಾಟ್ಸಾಪಿನಲ್ಲಿ ಕಳಿಸಿದ ಫೈಲಿನಲ್ಲಿ ಯಾರೋ ಇಪ್ಪತ್ತೈದರ ಹುಡುಗಿ, ಕೊರಳ ತುಂಬ ಸರ, ಕೈಯಲ್ಲಿ ಮೈಕು. ಕೆಳಗೆ ‘ಗಾನಕೋಗಿಲೆ ವೆಂಕಟಮ್ಮ’ ಎಂದಿತ್ತು. ಅದು ದೊಡ್ಡಮ್ಮನಲ್ಲ ಎಂದು ನನಗೆ ಗೊತ್ತಿತ್ತು, ಅಕ್ಕ. ಗಿರಾಕಿ ಕೊಟ್ಟದ್ದನ್ನು ಪ್ರಿಂಟ್ ಹಾಕುವುದಷ್ಟೇ ನನ್ನ ಕೆಲಸ ಎಂದು ಹಾಕಿಕೊಟ್ಟೆ.

ದೊಡ್ಡಮ್ಮ ಒಬ್ಬರೇ ಬಸ್ಸಿನಲ್ಲಿ ಹೋಗಿದ್ದಾರೆ. ವೇದಿಕೆಯ ಪಕ್ಕ ನಿಂತಿದ್ದವರು ಬ್ಯಾನರನ್ನೊಮ್ಮೆ ಇವರನ್ನೊಮ್ಮೆ ನೋಡಿ, ಅಡುಗೆ ಕೆಲಸಕ್ಕೆ ಬಂದವರಿರಬೇಕೆಂದು ಹಿಂದಿನ ಸಾಲಿನಲ್ಲಿ ಕೂರಿಸಿದರಂತೆ. ಗಾಯಕಿ ಬಂದಿಲ್ಲ ಎಂದು ಮೈಕಿನಲ್ಲಿ ಹೇಳಿದಾಗ ಇವರು ಎದ್ದು ನಿಂತು ನಾನೇ ಎಂದರಂತೆ. ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಪರೀಕ್ಷೆ ಮುಗಿಸಿಕೊಂಡು ಅರ್ಪಿತ ಅಲ್ಲಿಗೆ ತಲುಪುವ ಹೊತ್ತಿಗೆ ಶಾಮಿಯಾನ ಬಿಚ್ಚುತ್ತಿದ್ದರು. ದೊಡ್ಡಮ್ಮ ಅದೇ ಕುರ್ಚಿಯಲ್ಲಿ ಕೂತಿದ್ದರು.

ಅರ್ಪಿತ ಫೋನ್ ಮಾಡಿ ಇದನ್ನೆಲ್ಲ ಹೇಳಿದ ಮೇಲೆ ನಾನು ಹುತ್ತೂರಿಗೆ ಹೋದೆ. ಅವರು ಹುಳುಗಳಿಗೆ ಸೊಪ್ಪು ಹಾಕುತ್ತಿದ್ದರು. ಆ ಬ್ಯಾನರ್ ಪ್ರಿಂಟ್ ಮಾಡಿದವನು ನಾನೇ ಎಂದು ಹೇಳಿದೆ.

“ನಿಂಗೆ ನನ್ ಮುಖ ಗೊತ್ತಿತ್ತಲ್ಲಪ್ಪಾ” ಎಂದರು. ಅಷ್ಟು ಹೇಳಿ ಮತ್ತೆ ಸೊಪ್ಪು ಹಾಕತೊಡಗಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಅಲ್ಲೇ ನೆಲದ ಮೇಲೆ ಕೂತು ಅರ್ಪಿತ ಕೂಡಿಟ್ಟಿದ್ದ ಕರಪತ್ರ, ಫೋಟೋಗಳನ್ನೆಲ್ಲ ಹರಡಿದೆವು. ಹನ್ನೊಂದರಲ್ಲಿ ಐದು ಬೇರೆ ಬೇರೆ ಹೆಸರು. ಒಂದರಲ್ಲಿ ಹೆಸರೇ ಇಲ್ಲ, ‘ಮತ್ತು ತಂಡ’ ಅಷ್ಟೇ. ಇನ್ನು ಮೇಲೆ ಬ್ಯಾನರಿರಲಿ, ಕರಪತ್ರವಿರಲಿ, ಯೂಟ್ಯೂಬಿನ ಚಿತ್ರವಿರಲಿ, ವೇದಿಕೆಯ ಹಿಂದಿನ ಪರದೆಯಿರಲಿ, ಎಲ್ಲದರಲ್ಲೂ ಒಂದೇ ಮುಖ, ಒಂದೇ ಹೆಸರು, ಒಂದೇ ಬಣ್ಣ ಇರಬೇಕೆಂದು ನಿಶ್ಚಯಿಸಿದೆ. ಯಾವ ಊರಿನ ಯಾವ ಗೋಡೆಯ ಮೇಲೆ ನೋಡಿದರೂ ಅವರೇ ಎಂದು ಗೊತ್ತಾಗಬೇಕು.

ಅವರ ಮನೆಯ ಹೊಸ್ತಿಲಲ್ಲೇ ಫೋಟೋ ತೆಗೆದೆವು. ಸುಕ್ಕು ಅಳಿಸಲಿಲ್ಲ, ಬಣ್ಣ ತಿಳಿ ಮಾಡಲಿಲ್ಲ. ಹೆಸರಿಗೆ ಕಂಪ್ಯೂಟರಿನ ಅಕ್ಷರ ಯಾವುದೂ ಒಪ್ಪಲಿಲ್ಲ. ಕೊನೆಗೆ ಅವರ ಕೈಲೇ ಬರೆಸಿದೆ. ಸಾಕ್ಷರತಾ ಕೇಂದ್ರದಲ್ಲಿ ಕಲಿತ ಅಕ್ಷರ. ಒಂದೊಂದೂ ಕಾಲೂರಿ ನಿಂತ ಹಾಗಿದೆ. ಅದನ್ನೇ ಸ್ಕ್ಯಾನ್ ಮಾಡಿದೆ. ಬಣ್ಣ ಯಾವುದಿರಲಿ ಎಂದು ಕೇಳಿದ್ದಕ್ಕೆ ಅವರು ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಒಂದು ಹಳದಿ ಗೂಡು ಬಿಡಿಸಿ ನನ್ನ ಅಂಗೈಗೆ ಹಾಕಿದರು.

ಆ ಹಳದಿ ನನ್ನನ್ನು ಎಷ್ಟು ಗೋಳಾಡಿಸಿತು ಗೊತ್ತೇ! ನನ್ನ ಫ್ಲೆಕ್ಸ್ ಮೆಷಿನ್ನಿನಲ್ಲಿ ನಿಂಬೆಹಣ್ಣಾಯಿತು, ಕೋಲಾರದ ಆಫ್‌ಸೆಟ್ ಪ್ರೆಸ್ಸಿನಲ್ಲಿ ಕಿತ್ತಳೆಯಾಯಿತು. ಜೇಬಿನಲ್ಲಿ ಗೂಡು ಇಟ್ಟುಕೊಂಡು ಮೂರು ಸಲ ಕೋಲಾರಕ್ಕೆ ಓಡಾಡಿದೆ. ಪ್ರೆಸ್ಸಿನ ಮುನಿಯಲ್ಲಪ್ಪ ನನಗೆ ಹುಚ್ಚು ಎಂದೇ ತೀರ್ಮಾನಿಸಿದ್ದ. ನಾಲ್ಕನೆಯ ಸಲ ಅವನೇ ಗೂಡನ್ನು ಕೇಳಿ ಇಸಿದುಕೊಂಡು, ಹಾಳೆಯ ಮೇಲಿಟ್ಟು ನೋಡಿ, ಈಗ ಕೂತಿತು ಎಂದ.

ಸಂಕ್ರಾಂತಿ ಕಳೆದ ಮೇಲೆ ಶ್ರೀನಿವಾಸಪುರದ ಕಾರ್ಯಕ್ರಮ ಒಪ್ಪಿಕೊಂಡೆವು. ನಡೆಸುವವರು ಚಂದ್ರಮೋಹನ್ ಅಂತ. ನಮ್ಮ ಬ್ಯಾನರ್ ನೋಡಿದವರೇ ಫೋನ್ ಮಾಡಿ, ಮೇಲ್ಗಡೆ ಮುಖಂಡರ ಹನ್ನೆರಡು ಫೋಟೋ ಬರಬೇಕು, ಕೈಬರಹ ತೆಗೆದು ‘ಗಾನಕೋಗಿಲೆ’ ಎಂದು ಹಾಕಬೇಕು ಎಂದರು. ನಾನು ಆಗುವುದಿಲ್ಲ ಎಂದೆ. ಹಾಗಾದರೆ ಬೇರೆ ಹಾಡುಗಾರರನ್ನು ನೋಡಿಕೊಳ್ಳುತ್ತೇವೆ ಎಂದರು. ಕಳೆದುಹೋಗುವುದು ನನ್ನ ಕಾರ್ಯಕ್ರಮವಲ್ಲ, ದೊಡ್ಡಮ್ಮನದು. ಪಕ್ಕದಲ್ಲೇ ಕೂತಿದ್ದ ಅವರ ಕಡೆ ನೋಡಿದೆ.

ಅವರು ಫೋನ್ ಇಸಿದುಕೊಂಡರು. “ಸಾರ್, ಅವ್ರ್ ಮುಖಗಳಿಗೆ ಬೇರೆ ಬ್ಯಾನರ್ ಕಟ್ಸಿ, ಬ್ಯಾಡ ಅನ್ನಲ್ಲ. ಇದ್ರಾಗೆ ನಾನೊಬ್ಳೇ ಇರ್ತೀನಿ. ಹಾಡೋಳು ನಾನೇ ಅಲ್ವಾ?”

ಎರಡು ದಿನ ಆ ಕಡೆಯಿಂದ ಸುದ್ದಿಯಿಲ್ಲ. ಮೂರನೆಯ ದಿನ ಚಂದ್ರಮೋಹನ್ ತಾವಾಗಿಯೇ ಫೋನ್ ಮಾಡಿ, ಆಯಿತು, ಎರಡು ಬ್ಯಾನರ್ ಕಟ್ಟೋಣ ಎಂದರು.

ಕಳೆದ ಭಾನುವಾರ ನಾನೂ ಜೊತೆಗೆ ಹೋಗಿದ್ದೆ. ಶ್ರೀನಿವಾಸಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕಿದ್ದೆವೋ ಇಲ್ಲವೋ, ಹೂ ಮಾರುವ ಹೆಂಗಸೊಬ್ಬಳು ಎದ್ದು ಬಂದು “ಪಾಟಲು ಪಾಡೇ ಅಮ್ಮ ಮೀರೇ ಕದಾ?” ಎಂದು ಕೇಳಿದಳು. ಹಾಡು ಹೇಳುವ ಅಮ್ಮ ನೀವೇ ತಾನೇ ಎಂದು. ಎದುರಿನ ಗೋಡೆಯ ಮೇಲೆ ನಮ್ಮ ಹಳದಿ ಇತ್ತು. ದೊಡ್ಡಮ್ಮ ಹೂಂ ಎನ್ನಲಿಲ್ಲ, ಸೆರಗು ಸರಿಮಾಡಿಕೊಂಡು ತಮ್ಮ ಹೆಸರು ಹೇಳಿದರು, ಪೂರ್ತಿಯಾಗಿ. ಸಂಜೆ ಒಂದೂವರೆ ಗಂಟೆ ಹಾಡಿದರು, ಅಕ್ಕ. ಜನ ಕದಲಲಿಲ್ಲ.

ಇನ್ನು ಮುಂದೆ ಯಾರು ಏನು ಫೈಲ್ ಕಳಿಸಿದರೂ ಅದರಲ್ಲಿರುವ ಮನುಷ್ಯ ಯಾರೆಂದು ಕೇಳದೆ ಮೆಷಿನ್ ಮುಟ್ಟುವುದಿಲ್ಲ. ಗಿರಾಕಿಗಳು ಕಡಿಮೆಯಾದರೆ ಆಗಲಿ.

ಭಾವನವರಿಗೆ ನಮಸ್ಕಾರ ತಿಳಿಸು. ಚಂದನಾಗೆ ನನ್ನ ಆಶೀರ್ವಾದ. ಅವಳ ಓದು ಚೆನ್ನಾಗಿ ಸಾಗಲಿ, ಹಿಡಿದ ಕೆಲಸದಲ್ಲಿ ಅವಳಿಗೆ ಒಳ್ಳೆಯ ಹೆಸರು ಬರಲಿ. ನಿನ್ನ ಆರೋಗ್ಯ ನೋಡಿಕೋ.

ನಿನ್ನ ತಮ್ಮ,
ಸುಬ್ರಮಣಿ

ಮತ್ತೆ: ಕಾಗದ ಮಡಚಿದವನು ಬಿಚ್ಚಿ ಬರೆಯುತ್ತಿದ್ದೇನೆ. ತೊಂಬತ್ತಾರರಲ್ಲಿ ದೊಡ್ಡಮ್ಮನದೊಂದು ಕ್ಯಾಸೆಟ್ ಬಂದಿತ್ತು. ನೀನು ಆಗಲೇ ಮದುವೆಯಾಗಿ ಹೊಳಲ್ಕೆರೆಗೆ ಹೋಗಿದ್ದೆ. ಅದರಲ್ಲಿ ಜೊತೆಗೆ ಹಾಡಿದ್ದು ನಮ್ಮಮ್ಮ, ಎಂಟು ಹಾಡು. ನನ್ನ ಅಕ್ಷರ ಚೆನ್ನಾಗಿದೆಯೆಂದು ಕವರ್ ಬರೆಯಲು ನನಗೇ ಕೊಟ್ಟಿದ್ದರು. ನಮ್ಮ ಮನೆ ಹೆಂಗಸಿನ ಹೆಸರು ಅಂಗಡಿ ಬಾಗಿಲಲ್ಲಿ ನೇತಾಡುವುದು ಬೇಡ ಎಂದರು ಅಪ್ಪ. ನಾನು ಶ್ಯಾಮಲಮ್ಮ ಎಂದು ಅಮ್ಮನ ಹೆಸರು ಬರೆಯಲಿಲ್ಲ. ಅಮ್ಮ ಆ ಕವರನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಪೆಟ್ಟಿಗೆಯಲ್ಲಿಟ್ಟಳು. ಆಮೇಲೆ ಯಾರ ಜೊತೆಗೂ ಹಾಡಲಿಲ್ಲ. ಅದಾದ ಮೇಲೆ ಇಪ್ಪತ್ತಾರು ವರ್ಷ ಬದುಕಿದ್ದಳು, ಒಂದು ದಿನವೂ ಯಾಕೋ ಎಂದು ಕೇಳಲಿಲ್ಲ. ಕೇಳಿದರೆ ಅಪ್ಪ ಹೇಳಿದರು ಎಂದು ಉತ್ತರ ಇಟ್ಟುಕೊಂಡಿದ್ದೆ. ಆ ಹಾಡುಗಳನ್ನು ಅರ್ಪಿತ ಮುಂದಿನ ವಾರ ಯೂಟ್ಯೂಬಿಗೆ ಹಾಕುತ್ತಾಳೆ. ಚಿತ್ರದಲ್ಲಿ ಎರಡು ಹೆಸರು ಇರುತ್ತವೆ. ಇವತ್ತು ಬೆಳಿಗ್ಗೆ ಅಪ್ಪನ ಎದುರು ಕೂತು ಇದನ್ನು ಹೇಳಿದೆ. ಅನುಮತಿ ಕೇಳಲಿಲ್ಲ.