ಕೆಲಸಗೇಡಿ ಬ್ರೆಡ್ಡು

ಮನೆಯಿಂದ,
ಭಾನುವಾರ, ಹನ್ನೊಂದನೇ ತಾರೀಖು

ಪ್ರೀತಿಯ ಅಕ್ಕಾ,

‘ಪ್ರೀತಿಯ’ ಎಂದು ಅಭ್ಯಾಸಬಲದಿಂದ ಬರೆದುಬಿಟ್ಟೆ. ಹೊಡೆದುಹಾಕಿದರೆ ಕಾಗದ ಕೊಳಕಾಗುತ್ತದೆ ಎಂದು ಹಾಗೇ ಬಿಟ್ಟಿದ್ದೇನೆ, ಅಷ್ಟೆ. ಹೇಗಿದ್ದೀಯ? ಕಾಲುನೋವು ಕಡಿಮೆಯಾಯಿತೇ? ವಾರ್ಡಿನಲ್ಲಿ ದಿನವಿಡೀ ನಿಂತೇ ಇರುವವಳು ಒಂದು ಜೊತೆ ಮೆತ್ತನೆಯ ಚಪ್ಪಲಿ ಕೊಂಡುಕೋ ಎಂದರೆ ಕೇಳುವುದಿಲ್ಲ. ಹಾಸ್ಟೆಲಿನ ನಲ್ಲಿ ನೀರು ಇನ್ನೂ ತುಕ್ಕು ವಾಸನೆ ಹೊಡೆಯುತ್ತಿದ್ದರೆ ಕುದಿಸಿ ಕುಡಿ. ತಂಗಿಯಾಗಿ ವಿಚಾರಿಸಬೇಕಾದದ್ದು ಇಲ್ಲಿಗೆ ಮುಗಿಯಿತು. ಇನ್ನು ಜಗಳ. ಫೋನಿನಲ್ಲೇ ಆಡೋಣವೆಂದರೆ ನೀನು ‘ಡ್ಯೂಟಿಗೆ ಹೊತ್ತಾಯ್ತು ಕಣೇ’ ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಟ್ಟುಬಿಡಲು ಬರುವುದಿಲ್ಲ. ಕೂತು ಪೂರ್ತಿ ಓದು.

ಕೆಲಸಗೇಡಿ ಬ್ರೆಡ್ಡನ್ನು ಅವರಿಗೆ ಹೇಳಿಕೊಟ್ಟೆಯಂತೆ. ಅವರು ಎಂದರೆ ಅಪ್ಪ ಮದುವೆಯಾಗಿ ಕರೆತಂದವರು. ‘ಚಿಕ್ಕಮ್ಮ ಅನ್ನು, ಬಾಯೇನೂ ಸವೆಯಲ್ಲ’ ಎಂದು ನೀನು ಉಪದೇಶ ಮಾಡಿದ್ದೆ. ನನ್ನ ನಾಲಿಗೆ ಅದಕ್ಕೆ ಹೊರಳುವುದಿಲ್ಲ. ಮನಸ್ಸಿನಲ್ಲಿ ನಾನು ಕರೆಯುವುದು ಸ್ಟೋರ್ಸ್ ಮೇಡಂ ಎಂದೇ. ಬಸ್ ಡಿಪೋದ ಉಗ್ರಾಣದಲ್ಲಿ ಮೆಕ್ಯಾನಿಕ್ಕುಗಳಿಗೆ ಬಿಡಿಭಾಗ ಕೊಡುವವರು ತಾನೇ? ನಮ್ಮಪ್ಪ ಬ್ರೇಕಿನ ಸಾಮಾನು ಕೇಳಲು ಹೋಗಿ ಹೆಂಡತಿಯನ್ನೇ ತಂದರು. ಈಗ ನಮ್ಮ ಅಡುಗೆಮನೆಯೂ ಒಂದು ಉಗ್ರಾಣ. ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ್ದಾರೆ. ಉಪ್ಪಿನ ಡಬ್ಬಿಯ ಮೇಲೆ ‘ಉಪ್ಪು’! ಅಮ್ಮ ಇದ್ದಾಗ ಯಾವ ಡಬ್ಬಿಯಲ್ಲಿ ಏನಿದೆ ಎಂದು ಅಮ್ಮನಿಗೇ ಗೊತ್ತಿರುತ್ತಿರಲಿಲ್ಲ. ನಾಲ್ಕು ಮುಚ್ಚಳ ತೆಗೆದು ಬೈದುಕೊಂಡ ಮೇಲೆ ಸಕ್ಕರೆ ಸಿಗುತ್ತಿತ್ತು. ಚೀಟಿಯನ್ನೂ ಸಹಿಸಿಕೊಂಡೆ. ಅಮ್ಮನ ಕುರ್ಚಿಯಲ್ಲಿ ಕೂತು ಸ್ವೆಟರ್ ಹೆಣೆಯುವುದನ್ನೂ ಸಹಿಸಿಕೊಂಡೆ. ಇದೊಂದನ್ನು ಸಹಿಸಿಕೊಳ್ಳಲಾರೆ.

ನಿನಗೆ ಮರೆತಿದ್ದರೆ ನೆನಪು ಮಾಡುತ್ತೇನೆ. ಅಪ್ಪನಿಗೆ ಎರಡನೇ ಪಾಳಿ ಇದ್ದ ವಾರದಲ್ಲಿ ಮಾತ್ರ ಅದು ಆಗುತ್ತಿದ್ದದ್ದು. ಅಮ್ಮ ಹೊಲಿಗೆ ಮೆಷಿನ್ನನ್ನು ಅರ್ಧದಲ್ಲೇ ನಿಲ್ಲಿಸಿ ಏಳುತ್ತಿದ್ದಳು. ಬೇಕರಿಯವನು ಯಾರಿಗೂ ಬೇಡವೆಂದು ಕೊಡುತ್ತಿದ್ದ ಬ್ರೆಡ್ಡಿನ ದಪ್ಪ ತುದಿಗಳು, ಧಾರಾಳವಾಗಿ ಬೆಣ್ಣೆ, ಅದರ ಮೇಲೆ ಸಕ್ಕರೆ. ಸಕ್ಕರೆ ಕರಗಿ, ಕೆಂಪಾಗಿ, ಅಂಚಿನಲ್ಲಿ ಕಪ್ಪು ತಿರುಗುವವರೆಗೆ ಮೂವರೂ ಬಾಣಲೆಯ ಸುತ್ತ ಬೆಕ್ಕುಗಳಂತೆ ನಿಂತಿರುತ್ತಿದ್ದೆವು. ತಟ್ಟೆ ಇಲ್ಲ, ಚಮಚ ಇಲ್ಲ. ಬಾಣಲೆಯಿಂದ ನೇರವಾಗಿ ಬೆರಳಿಗೆ, ಬೆರಳು ಸುಟ್ಟುಕೊಂಡು, ಉಫ್ ಎಂದು ಊದಿ ಬಾಯಿಗೆ. ಎಲ್ಲ ಕೆಲಸ ಕೆಡಿಸಿ ಮಾಡುವ ತಿಂಡಿ ಎಂದು ಅದಕ್ಕೆ ಆ ಹೆಸರಿಟ್ಟದ್ದೂ ಅಮ್ಮನೇ. ಅಪ್ಪನಿಗೆ ಯಾಕೆ ಕೊಡುವುದಿಲ್ಲ ಎಂದು ನಾನೊಮ್ಮೆ ಕೇಳಿದ್ದೆ. ‘ಎಲ್ಲಾನೂ ಅವರಿಗೆ ಬಡಿಸಿ ಆಮೇಲೆ ನಾವು ತಿಂತೀವಿ. ಇದೊಂದು ಬಡಿಸೋದಲ್ಲ’ ಅಂದಿದ್ದಳು. ನೀನು ಪಕ್ಕದಲ್ಲೇ ಬೆರಳು ನೆಕ್ಕುತ್ತಾ ನಿಂತಿದ್ದೆ, ಮಹಾತಾಯಿ. ಕೇಳಿಸಿಕೊಂಡಿದ್ದೆ.

ಕಳೆದ ಬುಧವಾರ ಏನಾಯಿತು ಕೇಳು. ಕನ್ನಡಕದ ಅಂಗಡಿಯಲ್ಲಿ ಅವತ್ತು ಮೊದಲೇ ತಲೆ ಕೆಟ್ಟಿತ್ತು. ಒಬ್ಬ ಗಿರಾಕಿ ಫ್ರೇಮಿನ ಮೇಲೆ ಕೂತು ಮುರಿದುಕೊಂಡು ಬಂದು, ನೀವೇ ಸಡಿಲ ಸ್ಕ್ರೂ ಹಾಕಿದ್ದು ಎಂದು ಕೂಗಾಡಿ ಹೋಗಿದ್ದ. ಸುಸ್ತಾಗಿ ಮೆಟ್ಟಿಲು ಹತ್ತುತ್ತಿದ್ದೆ. ಎರಡನೇ ಮಹಡಿಗೆ ಬರುವಷ್ಟರಲ್ಲಿ ಆ ವಾಸನೆ ಬಂತು, ಬೆಣ್ಣೆಯಲ್ಲಿ ಸಕ್ಕರೆ ಸೀಯುವ ವಾಸನೆ. ಅಕ್ಕಾ, ನಾನು ಓಡಿದೆ. ಬ್ಯಾಗು ಗೋಡೆಗೆ ಬಡಿಯುವ ಹಾಗೆ, ಚಿಕ್ಕವಳಿದ್ದಾಗಿನಂತೆ ಓಡಿದೆ. ಬಾಗಿಲು ತಳ್ಳುವವರೆಗೂ ಅಮ್ಮ ಇಲ್ಲ ಎನ್ನುವುದು ನನ್ನ ಕಾಲಿಗೆ ಗೊತ್ತಿರಲಿಲ್ಲ.

ಒಳಗೆ ಸ್ಟೋರ್ಸ್ ಮೇಡಂ. ಚೌಕವಾಗಿ ಕತ್ತರಿಸಿದ ತುಂಡುಗಳನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸುತ್ತಿದ್ದಾರೆ, ಪಕ್ಕದಲ್ಲಿ ಮುಳ್ಳುಚಮಚ. ಮೇಜಿನ ಮುಂದೆ ಯಾರು? ಅಪ್ಪ! ಬಾಯಿ ತುಂಬ ತುಂಬಿಕೊಂಡು, ಮೀಸೆಯಲ್ಲಿ ಸಕ್ಕರೆ ಹತ್ತಿಸಿಕೊಂಡು, ನನ್ನನ್ನು ನೋಡಿ ನಗುತ್ತಾ, ‘ಬಾರೇ, ತಿನ್ನು. ಇಷ್ಟು ರುಚಿಯಾಗಿರೋದನ್ನ ನಮ್ಮನೇಲಿ ಇಷ್ಟು ದಿನ ಯಾಕೆ ಯಾರೂ ಮಾಡ್ಲಿಲ್ಲ?’ ಅಂದರು. ನನಗೆ ಎಲ್ಲಿತ್ತೋ ಸಿಟ್ಟು. ತಟ್ಟೆಯನ್ನು ಎತ್ತಿ ಸಿಂಕಿಗೆ ಎಸೆದೆ. ‘ಇದು ನಮ್ಮಮ್ಮಂದು! ನಿಮಗೆ ಯಾರು ಹೇಳಿದ್ರು ಇದನ್ನ ಮಾಡೋಕೆ?’ ಎಂದು ಕಿರುಚಿದೆ. ಕೆಳಗಿನ ಮನೆಯವರು ಟೀವಿ ಸದ್ದು ಕಡಿಮೆ ಮಾಡಿದ್ದು ಕೇಳಿಸಿತು. ಮೇಡಂ ಗಾಬರಿಯಾಗಲಿಲ್ಲ, ಅಳಲೂ ಇಲ್ಲ. ಸೌಟನ್ನು ಅದರ ಜಾಗದಲ್ಲಿಟ್ಟು, ‘ನೀನು ಸರಿಯಾಗಿ ತಿಂತಾ ಇಲ್ಲ. ಏನು ಮಾಡಿದ್ರೆ ತಿಂತೀಯ ಅಂತ ನಿಮ್ಮಕ್ಕನ್ನ ನಾನೇ ಫೋನ್ ಮಾಡಿ ಕೇಳಿದೆ’ ಅಂದರು. ಆಮೇಲೆ ಸಿಂಕಿನೊಳಗೆ ಬಗ್ಗಿ, ‘ಬ್ರೆಡ್ ಎಸಿ, ಪರವಾಗಿಲ್ಲ. ತಟ್ಟೆ ಎಸೀಬೇಡ, ಇದು ಸೆಟ್ಟಿಂದು’ ಅಂದರು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆನೇನೋ.

ಅಪ್ಪ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಬಾಯಲ್ಲಿದ್ದದ್ದನ್ನು ನಿಧಾನವಾಗಿ ನುಂಗಿ, ‘ನಿಮ್ಮಮ್ಮ ಮಾಡ್ತಿದ್ಲಾ? ಯಾವಾಗ?’ ಅಂದರು. ಅವರಿಗೆ ತಾನಾಗಿಯೇ ಹೊಳೆಯಿತು. ‘ನಾನು ಡ್ಯೂಟಿಗೆ ಹೋದಾಗ’ ಅಂದರು. ಮೀಸೆ ಒರೆಸಿಕೊಂಡು, ‘ನಂಗೆ ಒಂದು ತುಂಡೂ ಎತ್ತಿಡ್ಬೇಕು ಅನಿಸ್ಲಿಲ್ವಾ ಅವಳಿಗೆ?’ ಅಂದರು. ಬಡಿಸೋದಲ್ಲ ಎಂದು ಅಮ್ಮ ಹೇಳಿದ್ದನ್ನು ಹೇಗೆ ಹೇಳಲಿ? ಅವರು ಕೈತೊಳೆದು ಬಾಲ್ಕನಿಗೆ ಹೋದವರು ಬಟ್ಟೆ ಒಣಹಾಕುವ ಹಗ್ಗ ಹಿಡಿದುಕೊಂಡು ನಿಂತೇ ಇದ್ದರು. ಈಗ ಊಟಕ್ಕೆ ಕೂತರೆ ಉಪ್ಪು ಕೊಡು, ನೀರು ಕೊಡು, ಅಷ್ಟೇ ಮಾತು. ಸತ್ತ ಹೆಂಡತಿಯ ಮೇಲೆ ಮುನಿಸಿಕೊಂಡ ಗಂಡನನ್ನು ಸಮಾಧಾನ ಮಾಡುವುದು ಹೇಗೆ ಎಂದು ನಿನ್ನ ನರ್ಸಿಂಗ್ ಪುಸ್ತಕದಲ್ಲಿದ್ದರೆ ಬರೆದು ಕಳಿಸು.

ನನ್ನ ಮೇಲೆ ಅಷ್ಟೊಂದು ಕಾಳಜಿಯಿದ್ದರೆ ನನಗೆ ಫೋನ್ ಮಾಡಬೇಕಿತ್ತು. ‘ಏನೇ, ಊಟ ಯಾಕೆ ಬಿಟ್ಟಿದ್ದೀಯ’ ಎಂದು ನನ್ನನ್ನು ಬೈಯಬೇಕಿತ್ತು. ಅದು ಬಿಟ್ಟು, ಅಮ್ಮನ ಸೀರೆಗಳನ್ನು ಹಂಚಿದ ಹಾಗೆ ಇದನ್ನೂ ಕೈಯೆತ್ತಿ ಕೊಟ್ಟುಬಿಟ್ಟೆ. ಸೀರೆಯಾದರೂ ಬೀರುವಿನಲ್ಲಿತ್ತು, ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಇದು ಇದ್ದದ್ದು ನಮ್ಮಿಬ್ಬರಲ್ಲಿ ಮಾತ್ರ. ಒಬ್ಬಳು ಬಾಯಿಬಿಟ್ಟರೆ ಮುಗಿಯಿತು. ನೀನು ಅಲ್ಲಿ ಹೊಸ ಊರು, ಹೊಸ ಗೆಳತಿಯರು ಎಂದು ಹಾಯಾಗಿದ್ದೀಯ. ದಿನಾ ಅವರೆದುರು ಕೂತು ಉಣ್ಣುವವಳು ನಾನು. ಬಿಟ್ಟುಕೊಡುವ ದೊಡ್ಡ ಮನಸ್ಸು ದೂರವಿದ್ದವರಿಗೆ ಸುಲಭವಾಗಿ ಬರುತ್ತದೆ. ಇನ್ನು ಏನೇನು ಹೇಳಿಕೊಟ್ಟಿದ್ದೀಯ? ಕಂಡೆನ್ಸ್ಡ್ ಮಿಲ್ಕಿನ ಡಬ್ಬಿಯ ತಳಕ್ಕೆ ಬಿಸಿ ಕಾಫಿ ಸುರಿದು ಕುಡಿಯುತ್ತಿದ್ದದ್ದು? ಕಡಲೆಕಾಯಿ ಬೀಜಕ್ಕೆ ಖಾರ, ಸಕ್ಕರೆ ಎರಡೂ ಹಾಕುತ್ತಿದ್ದದ್ದು? ಅವನ್ನೂ ಹೇಳಿದ್ದರೆ ಈಗಲೇ ತಿಳಿಸಿಬಿಡು. ಇನ್ನೊಮ್ಮೆ ಮೆಟ್ಟಿಲ ಮೇಲೆ ಹಾಗೆ ಓಡಲು ನನ್ನಿಂದ ಆಗುವುದಿಲ್ಲ.

ನಿನ್ನ ಜೊತೆಯ ಕೋಣೆಯವಳಿಗೆ ಕೇಳಿದೆನೆಂದು ಹೇಳು. ಅವಳ ಮೇಲೆ ನನಗೇನೂ ಸಿಟ್ಟಿಲ್ಲ. ಆರೋಗ್ಯ ನೋಡಿಕೋ. ನೋಡಿಕೊಳ್ಳದಿದ್ದರೆ ಅದಕ್ಕೂ ಒಂದು ಕಾಗದ ಬರೆಯಬೇಕಾಗುತ್ತದೆ.

ಇನ್ನೂ ಉರಿಯುತ್ತಿರುವ
ನಿನ್ನ ತಂಗಿ, ಕಿಡಿ

ತಾ.ಕ. ಅಪ್ಪ ಅಂಚೆಗೆ ಹಾಕುತ್ತೇನೆಂದು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತಿದ್ದೇನೆ. ಬುಧವಾರ ಬಾಣಲೆಯಲ್ಲಿ ಒಂದು ತುಂಡು ಉಳಿದಿತ್ತು. ಯಾರೂ ಇಲ್ಲದಾಗ ತಿಂದೆ. ತಣ್ಣಗಾಗಿತ್ತು, ಆದರೂ ಅಮ್ಮನದಕ್ಕಿಂತ ಚೆನ್ನಾಗಿತ್ತು ಅಕ್ಕಾ. ಅಮ್ಮನದು ಒಂದು ಕಡೆ ಸೀದು ಇನ್ನೊಂದು ಕಡೆ ಮೆತ್ತಗೇ ಉಳಿಯುತ್ತಿತ್ತು ಅಲ್ಲವಾ? ಅವತ್ತಿನಿಂದ ನನ್ನ ಮೇಲೆ ನನಗೇ ಅಸಹ್ಯ. ಎರಡು ದಿನ ರಜೆ ಹಾಕಿ ಬಾ. ಅವರ ಕೈಯಿಂದಲೇ ಮಾಡಿಸಿಕೊಂಡು ತಿಂದು, ಅಮ್ಮನದೇ ಚೆನ್ನಾಗಿತ್ತು ಎಂದು ನನಗೆ ಹೇಳು. ಸುಳ್ಳಾದರೂ ಹೇಳು. ಹೇಳುವಾಗ ನನ್ನ ಮುಖ ಮಾತ್ರ ನೋಡಬೇಡ.