ಆಟದ ನಡುವೆ ತೆರೆದ ಬಾಗಿಲು

ಎರ್ನಾಕುಳಂ
೧೬-೧-೧೯೭೫, ಗುರುವಾರ

ಸೌ. ರಾಜೀವಿಗೆ ಆಶೀರ್ವಾದ.

ಬಂದು ನಾಲ್ಕು ದಿನವಾಯಿತು, ಒಂದು ಕಾಗದ ಹಾಕಲಿಲ್ಲ ಅಂತ ಬೈಯುತ್ತಿರಬಹುದು. ಬೈ. ಬರೆಯಲು ಸುದ್ದಿ ಇರಬೇಕಲ್ಲ? ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಡಿದವನಿಗೆ ಪೆನ್ನು ಹಿಡಿದರೆ ಬೆರಳು ನೋಯುತ್ತದೆ. ನಿನ್ನ ಬೆನ್ನುನೋವು ಹೇಗಿದೆ? ದೋಸೆಹಿಟ್ಟಿಗೆ ನೀರು ಹೊಯ್ಯಬೇಡ ಅಂತ ಅಡಿಗೆಯ ದಾಮೋದರನಿಗೆ ಹೇಳು. ಪಟ್ಟಂ ಪೇಟೆಯ ಆಫೀಸುಗಳ ಗಿರಾಕಿಗಳು ಒಮ್ಮೆ ಹೋದರೆ ನಮ್ಮ ಹೋಟೆಲಿಗೆ ತಿರುಗಿ ಬರುವವರಲ್ಲ.

ಮನೆ ಬಿಟ್ಟು ಹೋದ ನಮ್ಮ ಮಗ ಕಮಲಾಕ್ಷನನ್ನು ಇಲ್ಲಿಯ ಮಟ್ಟಾಂಚೇರಿಯಲ್ಲಿ ಕಂಡೆವು ಅಂದವರು ಬೀದಿ ಯಾವುದು ಅಂತ ಹೇಳಲಿಲ್ಲ. ಸಿಕ್ಕ ಗೋದಾಮುಗಳನ್ನೆಲ್ಲ ಹತ್ತಿ ಇಳಿದೆ. ಕಡೆಗೆ ನಿನ್ನ ತಮ್ಮ ದಿನಕರನೇ ಹೇಳಿದ, "ಭಾವಾ, ಇಲ್ಲಿ ಹೊಸ ಸ್ಟೇಡಿಯಮ್ಮಿನಲ್ಲಿ ಶಟಲ್ ಪಂದ್ಯ ಉಂಟು. ಕರ್ನಾಟಕದವರೂ ಬಂದಿದ್ದಾರೆ. ಅವ ಊಟ ಬಿಟ್ಟಾನು, ಶಟಲ್ ಬಿಡ್ಲಿಕ್ಕಿಲ್ಲ."

ನಾನು ಅವನ ಶಟಲ್ ಬ್ಯಾಟು ಒಲೆಗೆ ಹಾಕಿದ್ದಕ್ಕೇ ಹುಡುಗ ಹೋದ ಅಂತ ನೀನು ದೀಪಾವಳಿಯಿಂದ ಹಾಡುತ್ತಿದ್ದೀ. ಹಾಕಿದೆ. ಒಂದು ಬ್ಯಾಟು ಸುಟ್ಟರೆ ಮನೆ ಬಿಡುವುದಾ?

ಆ ಸ್ಟೇಡಿಯಂ ನೋಡಬೇಕು ಮಾರಾಯ್ತಿ. ಪಾಯಸದ ದೊಡ್ಡ ಉರುಳಿಯನ್ನು ಕವುಚಿ ಹಾಕಿದ ಹಾಗೆ ಅದರ ಸೂರು. ಒಳಗೆ ಹೆಸರಿಗೂ ಒಂದು ಕಂಬವಿಲ್ಲ. ತಲೆಯ ಮೇಲೆ ಬಿದ್ದೀತು ಅಂತ ಮೊದಲು ಹೆದರಿದೆ. ಆಮೇಲೆ ಸಂತೋಷವೇ ಆಯಿತು. ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಜನ. ಎಲ್ಲಿ ಕೂತರೂ ಎದುರಿನವರ ಮುಖ ಕಾಣುತ್ತದೆ. ಮಗನನ್ನು ಹುಡುಕಲಿಕ್ಕೆಂದೇ ಕಟ್ಟಿದ ಹಾಗೆ! ಆದರೆ ಸೆಕೆ ಅಂದರೆ ಸೆಕೆ. ಗಾಳಿ ಬಂದರೆ ಶಟಲ್ ಓಡುತ್ತದಂತೆ. ಫ್ಯಾನು ಬಂದ್, ಬಾಗಿಲೂ ಬಂದ್.

ನಾನು ಆಟ ನೋಡಲಿಲ್ಲ. ಎದ್ದು ನಿಂತು ಒಂದೊಂದೇ ಸಾಲು ನೋಡಿದೆ.

"ಕೂತ್ಕೊಳ್ಳಿ ಭಾವಾ, ಜನ ನಿಮ್ಮನ್ನೇ ನೋಡ್ತಿದ್ದಾರೆ."

"ನೋಡ್ಲಿ. ನಾನೂ ಜನ ನೋಡ್ಲಿಕ್ಕೇ ಬಂದದ್ದು."

ಅಷ್ಟರಲ್ಲಿ ಯಾವನೋ ಒಬ್ಬ ಕತ್ತೆ, ಆಟದ ನಡುವೆಯೇ, ಎದುರಿನ ಬಾಗಿಲು ತಳ್ಳಿ ಹೊರಗೆ ಹೋದ. ಗಾಳಿ ನುಗ್ಗಿ ಶಟಲ್ ಎತ್ತಲೋ ಬಿತ್ತು. ಆಡುವವನು ಬ್ಯಾಟು ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟು ನಿಂತ. ಇಡೀ ಸ್ಟೇಡಿಯಂ ಕೂಗಿತು. ಅಷ್ಟೇ ವಿಶೇಷ. ನಮ್ಮವನು ಕಾಣಲಿಲ್ಲ.

ಅವನಿಲ್ಲದೆ ಬರಬೇಡಿ ಅಂದಿದ್ದೀ. ಹಾಗಾದರೆ ಎಲ್ಲಿಗೆ ಹೋಗಲಿ, ಅದನ್ನಾದರೂ ಬರೆ. ಈ ಊರಿನಲ್ಲಿ ಇನ್ನು ಹುಡುಕಲು ನನಗೆ ಜಾಗ ಗೊತ್ತಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಯಜ್ಞನಾರಾಯಣ

ತಾ.ಕ.: ಮಡಚಿದ ಕಾಗದ ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದು ಸುಳ್ಳು. ಆ ಕತ್ತೆ ನಮ್ಮ ಕಮಲಾಕ್ಷನೇ. ಬಡಕಲಾಗಿದ್ದಾನೆ. ಎಲ್ಲರೂ ನನಗೆ ಕಾಣುತ್ತಾರೆ ಅಂತ ಹಿಗ್ಗಿದೆ, ನಾನೂ ಎಲ್ಲರಿಗೂ ಕಾಣುತ್ತೇನೆ ಅಂತ ಈ ಮಂಡೆಗೆ ಹೊಳೆಯಲಿಲ್ಲ. ಅವನೇ ಮೊದಲು ನನ್ನನ್ನು ನೋಡಿದ. ಅಂಗಳದಲ್ಲಿ ಗಾಳಿಗೆ ಒಂದು ಎಲೆ ಅಲ್ಲಾಡಿದರೂ ಆಟ ನಿಲ್ಲಿಸುತ್ತಿದ್ದವನು, ಆಟ ನಡೆಯುವಾಗ ಬಾಗಿಲು ತೆರೆದು ಓಡಿದ. ಹಿಂದೆ ಓಡಿದೆ. ಉರುಟು ಕಟ್ಟಡ, ಬಾಗಿಲೆಲ್ಲ ಒಂದೇ ನಮೂನೆ. ಸುತ್ತಿ ಸುತ್ತಿ ನನ್ನ ಜಾಗಕ್ಕೇ ಬಂದೆ.

ಭಾನುವಾರ ಫೈನಲ್. ಶನಿವಾರವೇ ಹೊರಟು ಬಾ. ನೀನು ದಿನಕರನ ಜೊತೆ ಒಳಗೆ ಕೂತುಕೋ, ನಾನು ರೈಲ್ವೆ ಸ್ಟೇಷನ್ನಿನಲ್ಲಿರುತ್ತೇನೆ. ಅವನು ಕೇಳಿದರೆ, ಅಪ್ಪ ಈ ಊರಿನಲ್ಲೇ ಇಲ್ಲ ಅಂತ ಹೇಳು.