ಬೆಳ್ಳಕ್ಕಿ ವಿಮಾನ ಇಳಿಯದ ಶುಕ್ರವಾರ

ಹುಣಸೂರು
12 ಜುಲೈ 2025

ಪ್ರೀತಿಯ ಮಗಳು ಸುಕನ್ಯಳಿಗೆ,

ಬೆಳಗಾವಿಯ ಮಳೆಯಲ್ಲಿ ನಿನ್ನ ಶೀತ ಹೇಗಿದೆ? ಕಷಾಯ ಕುಡಿಯುತ್ತಿದ್ದೀಯ ತಾನೇ? ನಾವು ಕ್ಷೇಮ. ನಿಮ್ಮಮ್ಮನ ಸಕ್ಕರೆ ಹತೋಟಿಯಲ್ಲಿದೆ, ಬಾಯಿ ಮಾತ್ರ ಇಲ್ಲ. ಫೋನಿನಲ್ಲಿ ಅವಳು ಸ್ಪೀಕರ್ ಹಾಕದೆ ಮಾತಾಡುವುದಿಲ್ಲ, ನನ್ನ ಮೆಸೇಜುಗಳನ್ನೂ ಅವಳೇ ಮೊದಲು ನೋಡುವುದು. ಅದಕ್ಕೇ ಈ ಕಾಗದ.

ನಿಮ್ಮ ಬೆಳ್ಳಕ್ಕಿ ಏರ್ ವಿಮಾನ ಕಂಪನಿ ಮುಚ್ಚಿ ಮೂರು ವಾರವಾಯಿತೆಂದು ನನಗೆ ಗೊತ್ತು ಕಣಮ್ಮ. ನನ್ನ ವ್ಯಾನಿನ ಬಾಡಿಗೆಯವರನ್ನು ಮೈಸೂರಿನ ವಿಮಾನ ನಿಲ್ದಾಣಕ್ಕೆ ಬಿಡಲು ಹೋದಾಗ ನೋಡಿದೆ, ನಿಮ್ಮ ಕೌಂಟರಿನ ಬೋರ್ಡನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ನೀನು ದಿನಾ ಸಂಜೆ "ಈಗಷ್ಟೇ ಲ್ಯಾಂಡ್ ಆದ್ವಿ" ಅನ್ನುತ್ತೀಯ. ನಾನು ಹೂಂಗುಟ್ಟುತ್ತೇನೆ.

ಶುರುವಾದ ವರ್ಷ ಒಂದೇ ವಿಮಾನ, ನಲವತ್ತೆರಡು ಸೀಟು, ಜಾಗ ಸಿಗುತ್ತಿರಲಿಲ್ಲ. ಗಾವಡಗೆರೆಯ ಕಾಂತರಾಜು ಮೊದಲು ಹತ್ತಿ ಮೂರು ಸೀಟಿಗೆ ಟವೆಲ್ ಹಾಸಿ, "ನಮ್ಮೋರು ಇಂದ್ಗಡೆ ಬತ್ತಾವ್ರೆ ಕಣವ್ವ" ಅಂದನೆಂದು ನೀನು ನಕ್ಕು ನಕ್ಕು ಹೇಳಿದ್ದೆ. ಒಂದು ವಿಮಾನ ಮೂರಾಯಿತು, ಎರಡು ಊರು ಏಳಾಯಿತು. ಹಳೇ ರೂಟು ತುಂಬುವ ಮೊದಲೇ ಹೊಸ ರೂಟು ಯಾಕೆಂದು ನನ್ನ ಬಸ್ಸಿನ ಬುದ್ಧಿ ಆಗಲೇ ತಕರಾರು ತೆಗೆದಿತ್ತು. ಯುಗಾದಿಗೆ ನಾನು ನಿಮ್ಮ ವಿಮಾನದಲ್ಲಿ ಬಂದಾಗ ತಲೆ ಎಣಿಸಿದೆ: ಹನ್ನೊಂದು. ಅದರಲ್ಲಿ ನಾನೊಬ್ಬ ಪುಕ್ಕಟೆ. ಆಮೇಲೆ ಒಂದು ವಿಮಾನದ ಸಾಮಾನು ಬಿಚ್ಚಿ ಇನ್ನೊಂದಕ್ಕೆ ಹಾಕತೊಡಗಿದರು ಅಂದೆಯಲ್ಲ, ಆವತ್ತೇ ಲೆಕ್ಕ ಮುಗಿದಿತ್ತು.

ಇದರಲ್ಲಿ ನಿನ್ನ ತಪ್ಪೇನು? ನನ್ನ ಮೊದಲ ಬಸ್ಸು, ಹುಣಸೂರು–ಕೆ.ಆರ್. ನಗರ, ಹನ್ನೊಂದೇ ತಿಂಗಳಿಗೆ ನಿಂತಿತು. ನಾಚಿಕೆಗೆ ಮನೆಯಲ್ಲಿ ಹೇಳದೆ ತಿಂಗಳುಗಟ್ಟಲೆ ಬೆಳಿಗ್ಗೆ ಆರಕ್ಕೇ ಹೊರಟು, ಚುಂಚನಕಟ್ಟೆಯಲ್ಲಿ ಹೊಳೆ ನೋಡುತ್ತಾ ಕೂತು ಬರುತ್ತಿದ್ದೆ. ಒಂದು ದಿನ ನಿಮ್ಮಮ್ಮ ಬುತ್ತಿ ಕೊಡುತ್ತಾ, "ಸುಮ್ಕೆ ಯಾಕ್ ಕೂತಿರ್ತೀರಿ, ಒಂದು ಗಾಳನಾದ್ರೂ ತಕ್ಕೊಂಡೋಗಿ ಕಣ್ರೀ, ಸಾರ್ಗೆ ಮೀನಾದ್ರೂ ಆಯ್ತದೆ" ಅಂದಳು. ಅಷ್ಟೇ. ಆವತ್ತು ಮಧ್ಯಾಹ್ನ ಮನೆಗೇ ಬಂದು ಉಂಡೆ.

ಪಕ್ಕದ ಮನೆ ಚಿಕ್ಕಬೀರಮ್ಮ ನಿನ್ನನ್ನು ಕೇಳಿದಳು. ಎಲ್ಲಿದ್ದರೂ ಹೊತ್ತಿಗೆ ಸರಿಯಾಗಿ ಉಣ್ಣು, ತಾಯಿ ಚಾಮುಂಡಿ ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ
ಮಂಟಯ್ಯ

ತಾ.ಕ.: ಮುಖ್ಯವಾದದ್ದೇ ಉಳಿಯಿತು. ಬರುವ ಶುಕ್ರವಾರ ಮೈಸೂರಿಗೆ ಡ್ಯೂಟಿ ಇದೆ ಅಂದೆಯಂತೆ. ನಿಮ್ಮಮ್ಮ ನನ್ನ ವ್ಯಾನಿಗೆ ಹದಿನಾಲ್ಕು ಹೆಂಗಸರನ್ನು ಗೊತ್ತುಮಾಡಿದ್ದಾಳೆ. ಆಷಾಢ ಶುಕ್ರವಾರ, ಬೆಳಿಗ್ಗೆ ಚಾಮುಂಡಿಬೆಟ್ಟ, ಮಧ್ಯಾಹ್ನ ವಿಮಾನ ನಿಲ್ದಾಣದ ಬೇಲಿ ಪಕ್ಕ ನಿಂತು ನಿನಗೆ ಕೈ ಬೀಸುವುದು. ಕೋಡುಬಳೆಗೆ ಹಿಟ್ಟು ಬೀಸಿಸಿಯಾಗಿದೆ. ನಾನಾಗಿ ಅವಳಿಗೆ ಏನೂ ಹೇಳುವುದಿಲ್ಲ, ನಿನ್ನ ಬಾಯಿಂದಲೇ ಬರಲಿ. ಗುರುವಾರವೇ ಬಂದುಬಿಡು. ಒಂದು ಗಳಿಗೆ ಬೈದಾಳು, ಆಮೇಲೆ ನಿನ್ನನ್ನೂ ವ್ಯಾನ್ ಹತ್ತಿಸುತ್ತಾಳೆ. ಹೈ ಹೀಲ್ಸ್ ಅಲ್ಲೇ ಬಿಟ್ಟು ಬಾ, ಮೆಟ್ಟಿಲು ಸಾವಿರ ಇವೆ.